ಮೂರು ಕಡತಗಳ ಬೆಸುಗೆ: ನಮ್ಮ ಹೆಸರು ಯಾವ ರೂಪದಲ್ಲಿ ಉಳಿದೀತು?

ನಮ್ಮ ಜಿಲ್ಲೆಯ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮಕ್ಕೆ 2024ರ ಅಕ್ಟೋಬರ ತಿಂಗಳಲ್ಲಿ ಯಾರೂ ನಿರೀಕ್ಷಿಸದ ಒಂದು ಕೀರ್ತಿ ಬಂತು. ನೊಂದಾವಣೆ, ಕಂದಾಯ ಮತ್ತು ಸರ್ವೆ ಎಂಬ ಮೂರು ಇಲಾಖೆಗಳ ಭೂದಾಖಲೆಗಳನ್ನು ಒಂದೇ ಕಡೆ ಬೆಸೆಯುವ ಕೇರಳ ಸರಕಾರದ 'ಎಂಡೆ ಭೂಮಿ' ವ್ಯವಸ್ಥೆಯು ಮೊದಲು ಪೂರ್ಣರೂಪದಲ್ಲಿ ಜಾರಿಗೆ ಬಂದುದು ಈ ಗ್ರಾಮದಲ್ಲಿ. ರಾಜಧಾನಿ ತಿರುವನಂತಪುರದಿಂದ ಅತ್ಯಂತ ದೂರದಲ್ಲಿರುವ, ಕನ್ನಡ, ತುಳು, ಮಲಯಾಳಗಳೆಲ್ಲ ಬೆರೆತಿರುವ ಈ ಗಡಿಭಾಗದ ಗ್ರಾಮಕ್ಕೆ ಇಂತಹ ಪ್ರಥಮ ಸ್ಥಾನ ದೊರೆತುದು ಸಂತೋಷದ ವಿಷಯವೇ. ಆದರೆ ಅಂದಿನ ಸುದ್ದಿಗಳನ್ನು ಓದುವಾಗ ಇನ್ನೊಂದು ಸಂಗತಿಯೂ ನಮ್ಮ ಕಣ್ಣಿಗೆ ಬಿತ್ತು. ಈ ಗ್ರಾಮದ ಹೆಸರೇ ಇಂಗ್ಲಿಷ್ ವರದಿಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಾಗಿ ಅಚ್ಚಾಗಿತ್ತು. ಎಲ್ಲ ದಾಖಲೆಗಳೂ ಒಂದಾದ ಊರಿನ ಹೆಸರೇ ಒಂದಾಗಿರಲಿಲ್ಲ!

ಇದು ನಗುವ ಮಾತಲ್ಲ. ಈ ಸಣ್ಣ ಸಂಗತಿಯಲ್ಲಿ ದೊಡ್ಡದೊಂದು ಪ್ರಶ್ನೆ ಅಡಗಿದೆ. ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಕಾಲದಲ್ಲಿ ಮಾಡಿಸಿಕೊಂಡ ತಂತ್ರಾಂಶಗಳನ್ನು ಒಂದಕ್ಕೊಂದು ಜೋಡಿಸುವ ಕಾರ್ಯ ಈಗ ದೇಶದಾದ್ಯಂತ ನಡೆದಿದೆ. ಭೂಮಿಯ ದಾಖಲೆ, ಪಡಿತರ ಚೀಟಿ, ಪಿಂಚಣಿ, ಶಾಲೆಯ ಹಾಜರಿ, ಆಧಾರ್, ಬೇಂಕ್ ಖಾತೆ ಎಲ್ಲವೂ ಒಂದನ್ನೊಂದು ಕೇಳಿ ತಿಳಿಯತೊಡಗಿವೆ. ಹೀಗೆ ಕೇಳುವಾಗ ಒಂದು ಕಡೆ ಇರುವ ಹೆಸರು ಇನ್ನೊಂದು ಕಡೆ ಇರುವ ಹೆಸರಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದನ್ನು ಯಾರೋ, ಎಲ್ಲೋ, ಮೊದಲೇ ನಿರ್ಧರಿಸಿರಬೇಕು. ಆ ನಿರ್ಧಾರದಲ್ಲಿ ನಮ್ಮಂತಹ ಭಾಷಾ ಅಲ್ಪಸಂಖ್ಯಾತರ ಪಾಲು ಎಷ್ಟು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಬೆಸುಗೆ ಎಂದರೇನು?

ಮೊದಲು ವಿಷಯವನ್ನು ಅರ್ಥ ಮಾಡಿಕೊಳ್ಳೋಣ. ಐದು ಸೆಂಟ್ಸ್ ಜಾಗ ಕೊಂಡವನು ಹಿಂದೆ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕಾಗಿತ್ತು ಎಂಬುದು ನಮ್ಮ ಓದುಗರಿಗೆ ಹೇಳಿ ತಿಳಿಯಬೇಕಾದುದಲ್ಲ. ಕ್ರಯಪತ್ರ ನೊಂದಾವಣೆಯಾಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಆ ಜಾಗ ತನ್ನ ಹೆಸರಿಗೆ ಬಂದು ತೀರ್ವೆ ಕಟ್ಟಲು ಹೋಗಬೇಕಾದುದು ವಿಲ್ಲೇಜ್ ಆಫೀಸಿಗೆ. ಗಡಿ ಗುರುತು, ನಕ್ಷೆ ಇವೆಲ್ಲ ಸರ್ವೆ ಇಲಾಖೆಯ ಪಾಲು. ಮೂರು ಇಲಾಖೆಗಳೂ ಕಂಪ್ಯೂಟರಿಗೆ ಬಂದವು ನಿಜ. ಆದರೆ ತಂತಮ್ಮ ಮನೆಯ ಅಂಗಳದಲ್ಲಿ ತಾವೇ ಬಾವಿ ತೋಡಿಕೊಂಡಂತೆ ಒಂದೊಂದೂ ಪ್ರತ್ಯೇಕ ತಂತ್ರಾಂಶವನ್ನು ಕಟ್ಟಿಕೊಂಡಿತು. ನೊಂದಾವಣೆಗೆ 'ಪರ್ಲ್', ಕಂದಾಯಕ್ಕೆ 'ರೆಲಿಸ್', ಸರ್ವೆಗೆ 'ಇ-ಮ್ಯಾಪ್ಸ್'. ಒಂದರಲ್ಲಿ ಬರೆದುದು ಇನ್ನೊಂದಕ್ಕೆ ತಿಳಿಯದು.

'ಎಂಡೆ ಭೂಮಿ'ಯ ಹಿಂದಿರುವ ದೊಡ್ಡ ಕಾರ್ಯ 2022ರ ನವೆಂಬರ 1ರಂದು ಆರಂಭವಾದ ಡಿಜಿಟಲ್ ಮರುಸರ್ವೆ. ರಾಜ್ಯದ 1,666 ಗ್ರಾಮಗಳ ಪೈಕಿ 1,550 ಗ್ರಾಮಗಳನ್ನು ಉಪಗ್ರಹಗಳ ಸಂಕೇತ ಹಿಡಿಯುವ ಉಪಕರಣಗಳಿಂದ ಅಳೆಯುವುದೆಂದೂ, ಮೊದಲ ಹಂತದಲ್ಲಿ 200 ಗ್ರಾಮಗಳನ್ನು ತೆಗೆದುಕೊಳ್ಳುವುದೆಂದೂ ಯೋಜನೆ ಹಾಕಲಾಯಿತು. ಅಳತೆ ಮುಗಿದ ಗ್ರಾಮದಲ್ಲಿ ಮೂರು ತಂತ್ರಾಂಶಗಳೂ ಬೆಸೆದು, ಕ್ರಯಪತ್ರ ಬರೆಯುವ ಮೊದಲೇ ಆ ಜಾಗದ ನಕ್ಷೆ ಸಿದ್ಧವಾಗಿ, ನೊಂದಾವಣೆಯಾದೊಡನೆ ಕಂದಾಯ ದಾಖಲೆಯಲ್ಲೂ ನಕ್ಷೆಯಲ್ಲೂ ಬದಲಾವಣೆಯಾಗಬೇಕು. ಇದು ಉದ್ದೇಶ. ಉದ್ದೇಶದಲ್ಲಿ ದೋಷವಿಲ್ಲ. ಒಂದೇ ಜಾಗವನ್ನು ಇಬ್ಬರಿಗೆ ಮಾರುವ ಮೋಸಕ್ಕೆ, ನಕ್ಷೆಯಿಲ್ಲದ ಪಾಲುಪಟ್ಟಿಯಿಂದ ಹುಟ್ಟುವ ವ್ಯಾಜ್ಯಕ್ಕೆ, ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟಕ್ಕೆ ಇದರಿಂದ ಬಹುಮಟ್ಟಿಗೆ ಪರಿಹಾರ ದೊರೆಯಬಹುದು. ಹಾಗಾಗಿ ನಾವು ಈ ಯೋಜನೆಯ ವಿರೋಧಿಗಳಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ.

ನೆರೆಯ ಕರ್ನಾಟಕದಲ್ಲಿ ಇಂತಹ ಬೆಸುಗೆ ಮೊದಲೇ ನಡೆದಿದೆ. ಅಲ್ಲಿ 'ಭೂಮಿ' ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಬಂದುದು 2000ದ ಸುಮಾರಿಗೆ. ನೊಂದಾವಣೆಗೆ 'ಕಾವೇರಿ' ಎಂಬ ತಂತ್ರಾಂಶ ಆಮೇಲೆ ಬಂತು. ಎರಡನ್ನೂ ಜೋಡಿಸಿದ ಮೇಲೆ ಮಾರುವವನ ಹೆಸರು ಪಹಣಿಯಲ್ಲಿ ಇದೆಯೇ ಎಂದು ನೋಡಿಯೇ ನೊಂದಾವಣೆ ಮಾಡುವುದೂ, ನೊಂದಾವಣೆಯಾದ ಸುದ್ದಿ ತಾನಾಗಿ 'ಭೂಮಿ'ಗೆ ಮುಟ್ಟುವುದೂ ಸಾಧ್ಯವಾಯಿತು. ಮುಂದೆ ಪಹಣಿಗೆ ಆಧಾರ್ ಜೋಡಿಸಹೊರಟಾಗ ಲಕ್ಷಾಂತರ ಪಹಣಿಗಳು ತೀರಿಕೊಂಡವರ ಹೆಸರಿನಲ್ಲೇ ಉಳಿದಿರುವುದು ಬೆಳಕಿಗೆ ಬಂತು. ಅವನ್ನು ವಾರಸುದಾರರ ಹೆಸರಿಗೆ ಮಾಡಲು ಪೌತಿ ಖಾತೆ ಆಂದೋಲನವನ್ನೇ ನಡೆಸಬೇಕಾಯಿತು. ಬೆಸುಗೆಯು ಹಳೆಯ ದೋಷಗಳನ್ನು ಹುಟ್ಟಿಸುವುದಿಲ್ಲ, ಎತ್ತಿ ತೋರಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಕರ್ನಾಟಕಕ್ಕೆ ಇಲ್ಲದ ಒಂದು ತೊಡಕು ನಮಗಿದೆ. ಅಲ್ಲಿ ಎರಡು ಕಡತಗಳೂ ಒಂದೇ ಭಾಷೆಯವು. ಇಲ್ಲಿ ಹಾಗಲ್ಲ.

ಯೋಜನೆಯ ಹಂತದಲ್ಲೇ ಕೇಳಬೇಕಾದ ಪ್ರಶ್ನೆಗಳು

ಎರಡು ತಂತ್ರಾಂಶಗಳನ್ನು ಜೋಡಿಸುವುದೆಂದರೆ ತಂತಿ ಎಳೆದು ವಿದ್ಯುತ್ತು ಕೊಟ್ಟಂತೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಾಸ್ತವವಾಗಿ ತಂತಿಯ ಕೆಲಸ ಅದರಲ್ಲಿ ಸುಲಭದ ಭಾಗ. ಕಷ್ಟವಿರುವುದು ಮೊದಲೇ ಕುಳಿತು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದರಲ್ಲಿ.

ಮೊದಲನೆಯ ಪ್ರಶ್ನೆ: ಎರಡು ಕಡೆ ಭಿನ್ನವಾಗಿದ್ದರೆ ಯಾವುದು ಸರಿ? ಜಾಗದ ವಿಸ್ತೀರ್ಣದ ಮಟ್ಟಿಗೆ ಸರ್ವೆ ಇಲಾಖೆಯ ಮಾತು, ಮಾಲಕನ ಹೆಸರಿನ ಮಟ್ಟಿಗೆ ನೊಂದಾವಣೆಯಾದ ಪತ್ರದ ಮಾತು, ಹೀಗೆ ಒಂದೊಂದು ವಿವರಕ್ಕೆ ಒಂದೊಂದು ಮೂಲವನ್ನು ಗೊತ್ತುಪಡಿಸಬೇಕು. ಇದನ್ನು ಗೊತ್ತುಪಡಿಸದೆ ಜೋಡಿಸಿದರೆ ಕೊನೆಗೆ ಬರೆದವನ ಬರಹವೇ ನಿಲ್ಲುತ್ತದೆ, ಸರಿಯಾದುದಲ್ಲ.

ಎರಡನೆಯದು: ಎರಡು ಕಡೆಯ ದಾಖಲೆಗಳು ಒಂದೇ ವ್ಯಕ್ತಿಯವು, ಒಂದೇ ಜಾಗದವು ಎಂದು ಗುರುತಿಸುವುದು ಯಾವುದರಿಂದ? ಹೆಸರಿನಿಂದಲೋ ನಂಬ್ರದಿಂದಲೋ? ಜಾಗಕ್ಕೆ ಸರ್ವೆ ನಂಬ್ರವಿದೆ. ಕೇಂದ್ರ ಸರಕಾರವು 2021ರಿಂದ ಪ್ರತಿಯೊಂದು ಜಾಗಕ್ಕೂ 14 ಅಂಕಿಗಳ ಗುರುತು ಕೊಡುವ ಯೋಜನೆಯನ್ನು ನಡೆಸುತ್ತಿದೆ. ಕೇರಳದಲ್ಲಿ 2022ರಲ್ಲಿ, ಒಬ್ಬನ ಹೆಸರಿನಲ್ಲಿ ರಾಜ್ಯದಲ್ಲಿ ಎಲ್ಲೆಲ್ಲಿ ಜಾಗವಿದ್ದರೂ ಒಂದೇ 'ತಂಡಪ್ಪೇರು' ನಂಬ್ರದಡಿ ತರುವ ವ್ಯವಸ್ಥೆ ಆರಂಭವಾಯಿತು. ನಂಬ್ರದಿಂದ ಜೋಡಿಸಿದರೆ ಕಾಗುಣಿತದ ಗೊಂದಲ ಕಡಿಮೆ. ಹೆಸರಿನಿಂದ ಜೋಡಿಸಿದರೆ ಒಂದು ಒತ್ತಕ್ಷರ ಹೆಚ್ಚು ಕಡಿಮೆಯಾದರೂ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಮನುಷ್ಯರು.

ಮೂರನೆಯದು: ಅಳತೆಯ ಮಾನ ಯಾವುದು? ನಮ್ಮ ಮಾತಿನಲ್ಲಿ ಜಾಗ ಸೆಂಟ್ಸಿನಲ್ಲಿದೆ, ದಾಖಲೆಯಲ್ಲಿ ಹೆಕ್ಟೇರು ಮತ್ತು ಆರ್‌ಗಳಲ್ಲಿದೆ. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರು. ಒಂದು ಆರ್ ಎಂದರೆ 100 ಚದರ ಮೀಟರು. ಸೆಂಟ್ಸಿನ ಅಂಕಣದಲ್ಲಿದ್ದ 10 ಎಂಬ ಅಂಕಿ ಹಾಗೆಯೇ ಆರ್‌ನ ಅಂಕಣಕ್ಕೆ ಹೋಗಿ ಕುಳಿತರೆ ಹತ್ತು ಸೆಂಟ್ಸಿನ ಮನೆಜಾಗ ಕಾಗದದಲ್ಲಿ ಇಪ್ಪತ್ತನಾಲ್ಕು ಮುಕ್ಕಾಲು ಸೆಂಟ್ಸಾಗುತ್ತದೆ. ಇಂತಹ ತಪ್ಪು ಬುದ್ಧಿವಂತರಿಂದ ಆಗದು ಎನ್ನುವಂತಿಲ್ಲ. ಅಮೇರಿಕದ ನಾಸಾ ಸಂಸ್ಥೆ 1998ರ ಡಿಸೆಂಬರದಲ್ಲಿ ಮಂಗಳ ಗ್ರಹಕ್ಕೆ ಕಳುಹಿಸಿದ ನೌಕೆಯೊಂದು 1999ರ ಸೆಪ್ಟೆಂಬರದಲ್ಲಿ ಗ್ರಹದ ಬಳಿ ತಲಪಿದಾಗ ನಾಶವಾಯಿತು. ಕಾರಣ, ನೌಕೆಯ ಕೆಲಸದಲ್ಲಿದ್ದ ಒಂದು ತಂಡದ ತಂತ್ರಾಂಶ ಬಲದ ಲೆಕ್ಕವನ್ನು ಪೌಂಡುಗಳಲ್ಲಿ ಕೊಟ್ಟಿತ್ತು, ಇನ್ನೊಂದು ತಂಡದ ತಂತ್ರಾಂಶ ಅದನ್ನು ನ್ಯೂಟನ್‌ಗಳೆಂದು ತಿಳಿದಿತ್ತು. ಎರಡು ತಂತ್ರಾಂಶಗಳೂ ತಮ್ಮಷ್ಟಕ್ಕೆ ಸರಿಯಾಗಿಯೇ ಇದ್ದವು. ಕೆಟ್ಟುದು ನಡುವಿನ ಒಪ್ಪಂದ.

ನಾಲ್ಕನೆಯದು: ಸುದ್ದಿ ಮುಟ್ಟದಿದ್ದರೆ ಏನು? ಕ್ರಯಪತ್ರ ನೊಂದಾವಣೆಯಾಯಿತು, ಅದೇ ಹೊತ್ತಿಗೆ ಕಂದಾಯದ ಕಡೆ ಜಾಲ ಕೈಕೊಟ್ಟಿತು. ಆಗ ಪತ್ರ ಹೊಸಬನ ಹೆಸರಿನಲ್ಲಿ, ತೀರ್ವೆ ಹಳಬನ ಹೆಸರಿನಲ್ಲಿ. ಹಿಂದಿನ ರಿಜಿಸ್ಟರ್ ಅಂಚೆಗೆ ತಲಪಿದ ಬಗ್ಗೆ ಸಹಿ ಮಾಡಿದ ಕಾರ್ಡು ವಾಪಾಸು ಬರುತ್ತಿದ್ದಂತೆ ಇಲ್ಲಿಯೂ ಪ್ರತಿ ಸುದ್ದಿಗೂ ಸ್ವೀಕೃತಿ ಬರಬೇಕು. ಬಾರದಿದ್ದರೆ ಮತ್ತೆ ಕಳುಹಿಸಬೇಕು. ಎರಡು ಸಲ ತಲಪಿದರೆ ಒಂದೇ ಸಲ ಎಂದು ಎಣಿಸಬೇಕು. ಸಹಕಾರಿ ಬೇಂಕಿನಲ್ಲಿ ಸಂಜೆ ಬಾಗಿಲು ಹಾಕುವ ಮೊದಲು ನಗದು ತಾಳೆ ನೋಡುವಂತೆ ದಿನದ ಕೊನೆಗೆ ಎರಡು ಕಡೆಯ ಒಟ್ಟು ಲೆಕ್ಕವನ್ನು ತಾಳೆ ಹಾಕಬೇಕು.

ಐದನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವಾದುದು: ತಾಳೆಯಾಗದೆ ಹೋದಾಗ ತೊಂದರೆ ಅನುಭವಿಸಬೇಕಾದವನು ಯಾರು? ಅರ್ಜಿದಾರನೋ ಕಚೇರಿಯೋ? ಇದಕ್ಕೆ ಉತ್ತರ ಬರೆದಿಡದಿದ್ದರೆ ಉತ್ತರ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಅದು ಯಾವಾಗಲೂ ಅರ್ಜಿದಾರನೇ ಆಗಿರುತ್ತಾನೆ.

ಆಸ್ಟ್ರೇಲಿಯದ ಪಾಠ

ಈ ಐದನೆಯ ಪ್ರಶ್ನೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯ ದೇಶ ಉದಾಹರಣೆ. ಅಲ್ಲಿ ನಿರುದ್ಯೋಗಿಗಳಿಗೂ ಬಡವರಿಗೂ ಸರಕಾರ ಕೊಡುವ ಸಹಾಯಧನದ ಲೆಕ್ಕ ಹದಿನೈದು ದಿನಕ್ಕೊಮ್ಮೆ. ಆದಾಯ ತೆರಿಗೆ ಇಲಾಖೆಯ ಲೆಕ್ಕ ವರ್ಷಕ್ಕೊಮ್ಮೆ. 2015ರ ಬಳಿಕ ಈ ಎರಡು ಕಡತಗಳನ್ನು ಜೋಡಿಸಿ, ವರ್ಷದ ಆದಾಯವನ್ನು ಸಮನಾಗಿ ಹಂಚಿ, ಹೆಚ್ಚು ಸಹಾಯಧನ ಪಡೆದಿದ್ದೀರಿ, ಹಿಂತಿರುಗಿಸಿ ಎಂದು ಯಂತ್ರದ ಮೂಲಕವೇ ನೋಟೀಸುಗಳನ್ನು ಕಳುಹಿಸಲಾಯಿತು. ಆರು ತಿಂಗಳು ದುಡಿದು ಆರು ತಿಂಗಳು ಕೆಲಸವಿಲ್ಲದೆ ಕುಳಿತವನು ವರ್ಷಪೂರ್ತಿ ಅರ್ಧ ಸಂಬಳ ಪಡೆದವನಾಗಿ ಯಂತ್ರಕ್ಕೆ ಕಂಡ. ತಾನು ಸಾಲಗಾರನಲ್ಲವೆಂದು ರುಜುಪಡಿಸುವ ಹೊಣೆ ಅವನದೇ ಆಯಿತು. ನಾಲ್ಕು ಲಕ್ಷಕ್ಕೂ ಅಧಿಕ ಜನ ಇದಕ್ಕೆ ಸಿಲುಕಿದರು. ಕೊನೆಗೆ ಆ ಕ್ರಮ ಕಾನೂನುಬಾಹಿರವೆಂದು ಒಪ್ಪಿಕೊಂಡು ಸರಕಾರ ಹಣ ಹಿಂತಿರುಗಿಸಬೇಕಾಯಿತು. 2023ರ ಜುಲೈಯಲ್ಲಿ ಹೊರಬಂದ ವಿಚಾರಣಾ ಆಯೋಗದ ವರದಿ ಅದನ್ನು ಕಟುವಾಗಿ ಖಂಡಿಸಿತು.

ಅಲ್ಲಿ ಭಿನ್ನವಾಗಿದ್ದುದು ಕಾಲದ ಅಳತೆ. ನಮ್ಮಲ್ಲಿ ಭಿನ್ನವಾಗುವುದು ಹೆಸರಿನ ಬರಹ. ಅಪಾಯ ಒಂದೇ.

ಒಂದು ಹೆಸರಿನ ಪಯಣ

'ನಾರಾಯಣ' ಎಂಬ ಸಾಮಾನ್ಯ ಹೆಸರನ್ನೇ ತೆಗೆದುಕೊಳ್ಳೋಣ. ತಂದೆ ತಾಯಿ ಇಟ್ಟ ಹೆಸರು ನಾರಾಯಣ. ಕನ್ನಡ ಶಾಲೆಯ ಪ್ರವೇಶ ಪುಸ್ತಕದಲ್ಲಿ ಅದೇ ರೂಪ. ಗ್ರಾಮದ ದಾಖಲೆಯನ್ನು ಮಲಯಾಳದಲ್ಲಿ ಬರೆದ ಗುಮಾಸ್ತರು ತಮ್ಮ ಭಾಷೆಯ ರೂಢಿಯಂತೆ 'ನಾರಾಯಣನ್' ಎಂದು ಬರೆದರು. ಅವರಲ್ಲಿ ದುರುದ್ದೇಶವಿರಲಿಲ್ಲ, ಅವರ ಕಿವಿಗೆ ಹೆಸರು ಪೂರ್ಣವಾಗುವುದು ಹಾಗೆ. ಆಧಾರ್ ಮಾಡಿಸುವಾಗ ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಬಿದ್ದುಹೋಗಿ 'ನಾರಾಯಣ್' ಆಯಿತು. ಬೇಂಕಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದೆ, ಪಡಿತರ ಚೀಟಿಯಲ್ಲಿ ಹಿಂದೆ. ಕುಲನಾಮ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಮನೆತನದ ಹೆಸರು ಕ್ರಯಪತ್ರದಲ್ಲಿ ಮಾತ್ರ. ಊರಿನ ಹೆಸರುಗಳಿಗೂ ಇದೇ ಗತಿ. ನಾವು ಮಂಜೇಶ್ವರ ಎನ್ನುವುದು ಅಲ್ಲಿ ಮಂಜೇಶ್ವರಂ, ನಾವು ಕುಂಬಳೆ ಎನ್ನುವುದು ಅಲ್ಲಿ ಕುಂಬಳ.

ಮನುಷ್ಯರು ಕಚೇರಿ ನಡೆಸುತ್ತಿದ್ದಾಗ ಇದು ದೊಡ್ಡ ತೊಡಕಾಗಿರಲಿಲ್ಲ. ಊರಿನ ಉಗ್ರಾಣಿಗೆ ಆಳನ್ನು ನೋಡಿಯೇ ಗೊತ್ತು. 'ಇವರೇ ಅವರು' ಎಂದು ಅವನು ಒಂದು ಮಾತು ಹೇಳಿದರೆ ಮುಗಿಯಿತು. ಕಂಪ್ಯೂಟರಿಗೆ ಮುಖಪರಿಚಯದ ದಾಕ್ಷಿಣ್ಯವಿಲ್ಲ.

ಅಧ್ಯಾಪಕರಾಗಿ ನಾವು ಇದನ್ನು ಪ್ರತಿ ವರ್ಷ ಕಾಣುತ್ತಿದ್ದೇವೆ. ಹೊಸ ಶಿಕ್ಷಣ ನೀತಿಯನುಸಾರ ವಿದ್ಯಾರ್ಥಿಗಳಿಗೆ 12 ಅಂಕಿಗಳ 'ಅಪಾರ್' ಗುರುತು ಕೊಡಲು ಶಾಲೆಯ ದಾಖಲೆಯಲ್ಲಿರುವ ಹೆಸರು ಆಧಾರ್‌ನ ಹೆಸರಿಗೆ ತಾಳೆಯಾಗಬೇಕು. ಪ್ರವೇಶ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಮಗುವಿನ ತಂದೆ ಒಂದು ದಿನದ ಕೂಲಿ ಬಿಟ್ಟು ಅಕ್ಷಯ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿಂದ ಇನ್ನೊಂದು ಕಾಗದಕ್ಕಾಗಿ ಶಾಲೆಗೆ ಬರುತ್ತಾರೆ. 'ಮಾಸ್ಟ್ರೇ, ನಮ್ಮ ಮಗನ ಹೆಸರು ನಾವು ಇಟ್ಟದ್ದೇ ಅಲ್ಲವಾ? ಅದು ತಪ್ಪು ಅಂತ ಹೇಗೆ ಆಯಿತು?' ಎಂದು ಒಬ್ಬರು ನಮ್ಮಲ್ಲಿ ಕೇಳಿದರು. ಉತ್ತರ ಹೇಳಲು ನಮಗಾಗಲಿಲ್ಲ. ಕೊನೆಗೆ ಹೆಚ್ಚಿನವರು ಮಾಡುವುದು ಒಂದೇ. ಸುಲಭದಲ್ಲಿ ಬದಲಾಯಿಸಲಾಗುವ ಕಾಗದವನ್ನು ಬದಲಾಯಿಸುವುದು. ಅಂದರೆ ಕನ್ನಡದಲ್ಲಿರುವ ಹೆಸರನ್ನು ಯಂತ್ರದಲ್ಲಿರುವ ಹೆಸರಿಗೆ ಸರಿಯಾಗಿ ತಿದ್ದುವುದು.

ಇಲ್ಲಿಯೇ ನಾವು ಎಚ್ಚರ ವಹಿಸಬೇಕಾದುದು. 2021ರ ಜೂನಿನಲ್ಲಿ ನಮ್ಮ ಜಿಲ್ಲೆಯ ಕೆಲವು ಊರುಗಳ ಕನ್ನಡ ಹೆಸರುಗಳನ್ನು ಬದಲಾಯಿಸಲಾಗುತ್ತಿದೆ ಎಂಬ ಸುದ್ದಿ ಎದ್ದು ಬೆಂಗಳೂರಿನವರೆಗೂ ಗುಲ್ಲಾಯಿತು. ಅಂತಹ ಯಾವ ತೀರ್ಮಾನವೂ ಇಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂತು. ಆ ಉತ್ತರವನ್ನು ನಾವು ನಂಬೋಣ. ಆದರೆ ಹೆಸರು ಬದಲಾಗಲು ಇಂದು ಯಾರ ತೀರ್ಮಾನವೂ ಬೇಕಾಗಿಲ್ಲ. ತಂತ್ರಾಂಶದಲ್ಲಿ ಊರುಗಳ ಪಟ್ಟಿಯೊಂದು ಇರುತ್ತದೆ. ಅದರಲ್ಲಿ ಇದ್ದ ರೂಪವನ್ನೇ ಆರಿಸಬೇಕು. ಒಂದು ತಂತ್ರಾಂಶದ ಪಟ್ಟಿ ಹತ್ತು ತಂತ್ರಾಂಶಗಳಿಗೆ ಹರಿಯುತ್ತದೆ. ಹತ್ತು ವರ್ಷ ಕಳೆದ ಮೇಲೆ ಹುಡುಕಿದರೆ ಬೇರೆ ರೂಪ ಎಲ್ಲಿಯೂ ಇರುವುದಿಲ್ಲ. ಯಾವ ಆಜ್ಞೆಯೂ ಹೊರಡಲಿಲ್ಲ, ಯಾರೂ ಸಹಿ ಹಾಕಲಿಲ್ಲ, ಆದರೂ ಹೆಸರು ಹೋಯಿತು. ಇದರ ವಿರುದ್ಧ ಮೆರವಣಿಗೆ ಹೊರಡಿಸುವುದಕ್ಕೂ ಬಾರದು.

ದೋಷ ಮಲಯಾಳದ್ದಲ್ಲ

ಇದನ್ನು ಎರಡು ಭಾಷೆಗಳ ಜಗಳವನ್ನಾಗಿ ಮಾಡುವವರು ಒಂದು ವಿಷಯವನ್ನು ಗಮನಿಸಬೇಕು. ಕನ್ನಡ ಮತ್ತು ಮಲಯಾಳ ಲಿಪಿಗಳು ಆಕಾರದಲ್ಲಿ ಬೇರೆಯಾದರೂ ವರ್ಣಮಾಲೆಯಲ್ಲಿ ಅಕ್ಕತಂಗಿಯರು. ನ ಮತ್ತು ಣ, ಲ ಮತ್ತು ಳ, ದ ಮತ್ತು ಡ, ಹ್ರಸ್ವ ಮತ್ತು ದೀರ್ಘ ಎಲ್ಲ ಭೇದಗಳೂ ಎರಡರಲ್ಲೂ ಇವೆ. ನಮ್ಮಲ್ಲಿ ಹಳಗನ್ನಡದೊಂದಿಗೆ ಮರೆಯಾದ ೞ ಮತ್ತು ಱ ಅಕ್ಷರಗಳೂ ಮಲಯಾಳದಲ್ಲಿ ಇಂದಿಗೂ ಬಳಕೆಯಲ್ಲಿವೆ. ಆದುದರಿಂದ ಕನ್ನಡದ ಹೆಸರನ್ನು ಮಲಯಾಳ ಲಿಪಿಗೆ ನೇರವಾಗಿ ತಂದರೆ ಬಹುಮಟ್ಟಿಗೆ ಏನೂ ನಷ್ಟವಾಗದು. ನಷ್ಟವಾಗುವುದು ನಡುವೆ ಇಂಗ್ಲಿಷು ಬಂದಾಗ. ಇಂಗ್ಲಿಷಿನಲ್ಲಿ 'ಕಲಾ' ಎಂದು ಬರೆದುದನ್ನು ಮರಳಿ ಕನ್ನಡಕ್ಕೆ ತಂದರೆ ಅದು ಕಲವೋ, ಕಾಲವೋ, ಕಳವೋ, ಕಾಳವೋ ಹೇಳುವವರು ಯಾರು?

ಇನ್ನೂ ಒಂದು ಸಂಗತಿ ಇದೆ. ಕಂಪ್ಯೂಟರಿನೊಳಗೆ ಅಕ್ಷರಗಳೆಲ್ಲ ಅಂಕಿಗಳು. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿದ 'ಇಸ್ಕಿ' ಎಂಬ ಪದ್ಧತಿಯಲ್ಲಿ ಕನ್ನಡದ 'ಕ'ಕ್ಕೂ ಮಲಯಾಳದ 'ಕ'ಕ್ಕೂ ಒಂದೇ ಅಂಕಿಯಿತ್ತು. ತೋರಿಸುವ ಲಿಪಿ ಮಾತ್ರ ಬೇರೆ. ಈಗ ಲೋಕವೆಲ್ಲ ಬಳಸುವ 'ಯೂನಿಕೋಡ್' ಪದ್ಧತಿ ಅದೇ ಜೋಡಣೆಯನ್ನು ಅನುಸರಿಸಿತು. ಅದರಲ್ಲಿ ಕನ್ನಡದ ಒಂದು ಅಕ್ಷರದ ಅಂಕಿಗೆ 128 ಕೂಡಿಸಿದರೆ ಮಲಯಾಳದ ಅದೇ ಅಕ್ಷರ ಸಾಮಾನ್ಯವಾಗಿ ದೊರೆಯುತ್ತದೆ. ಇದು ಎಂಟನೆಯ ತರಗತಿಯ ಹುಡುಗನೂ ಮಾಡಬಹುದಾದ ಕೂಡುವ ಲೆಕ್ಕ. ಎರಡು ಲಿಪಿಗಳಲ್ಲಿ ಹೆಸರಿಡಲು ತಾಂತ್ರಿಕ ಅಡಚಣೆ ಇದೆ, ಖರ್ಚು ಹೆಚ್ಚು ಎಂಬ ವಾದ ನಿಲ್ಲುವಂತಹದಲ್ಲ.

ಹೀಗೆ ಹೇಳುವಾಗ ಮಲಯಾಳಿಗಳಿಗೂ ತೊಡಕಿಲ್ಲವೆಂದಲ್ಲ. ಮಲಯಾಳದ 'ಚಿಲ್ಲು' ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ವತಂತ್ರ ಅಂಕಿಗಳು ದೊರೆತುದು 2008ರಲ್ಲಿ. ಅದಕ್ಕೆ ಮೊದಲು ಅವನ್ನು ಬೇರೆ ರೀತಿಯಲ್ಲಿ ಸೇರಿಸಿ ಬರೆಯುತ್ತಿದ್ದರು. ಹಾಗಾಗಿ ಪರದೆಯಲ್ಲಿ ಒಂದೇ ರೀತಿ ಕಾಣುವ ಎರಡು ಮಲಯಾಳ ಹೆಸರುಗಳು ಒಳಗೆ ಬೇರೆಬೇರೆಯಾಗಿದ್ದು, ತಾಳೆಯಾಗದೆ ಉಳಿಯಬಹುದು. ಹೆಸರನ್ನು ಅಕ್ಷರಶಃ ಹೋಲಿಸುವ ಪದ್ಧತಿಯಿಂದ ಬಹುಸಂಖ್ಯಾತರಿಗೂ ಕಷ್ಟವೇ. ಆದುದರಿಂದ ನಾವು ಕೇಳುವ ಸುಧಾರಣೆ ಅವರಿಗೂ ಉಪಕಾರಿ.

ಹಕ್ಕು ಇದೆ, ಚೌಕ ಇಲ್ಲ

ಸಂವಿಧಾನದ 350ನೆಯ ವಿಧಿಯಂತೆ ಯಾವನೇ ವ್ಯಕ್ತಿ ತನ್ನ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷೆಗಳ ಶಾಸನವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದೂ ಅದಕ್ಕೆ ಅದೇ ಭಾಷೆಯಲ್ಲಿ ಉತ್ತರ ಕೊಡಬೇಕೆಂದೂ ಹೇಳಿತ್ತು. ಅವೆಲ್ಲ ಕಾಗದದ ಕಾಲಕ್ಕೆ ಬರೆದ ಮಾತುಗಳು. ಕಾಗದದ ಮೇಲೆ ಯಾವ ಲಿಪಿಯಲ್ಲಿ ಬೇಕಾದರೂ ಬರೆಯಬಹುದಾಗಿತ್ತು, ಕಾಗದ ಬೇಡವೆನ್ನುತ್ತಿರಲಿಲ್ಲ. ಇಂದು ಅರ್ಜಿಯೆಂದರೆ ಪರದೆಯ ಮೇಲಿನ ಚೌಕಗಳು. ಚೌಕವು ಕನ್ನಡ ಅಕ್ಷರವನ್ನು ಒಪ್ಪದಿದ್ದರೆ ಸಂವಿಧಾನದ ವಿಧಿ ಅದರೊಳಕ್ಕೆ ಹೋಗಲಾರದು. ಹಿಂದೆ ನಮ್ಮ ಹಿರಿಯರು ಕನ್ನಡ ಗೊತ್ತಿರುವ ಗುಮಾಸ್ತರಿಗಾಗಿ ಹೋರಾಡಿದರು. ಈಗ ಕನ್ನಡ ಒಪ್ಪುವ ಚೌಕಕ್ಕಾಗಿ ಹೋರಾಡಬೇಕಾಗಿದೆ.

2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಶಾಸನ ಈ ದೃಷ್ಟಿಯಿಂದ ಉಪಯುಕ್ತ. ಅದರ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುವಂತಹವು. ನಮ್ಮ ವಿವರಗಳನ್ನು ಬಳಸಲು ಒಪ್ಪಿಗೆ ಕೇಳುವಾಗ ಕೊಡುವ ತಿಳುವಳಿಕೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಪಡೆಯುವ ಅವಕಾಶ ಅದರಲ್ಲಿದೆ. ಕನ್ನಡ ಆ ಪರಿಚ್ಛೇದದಲ್ಲಿದೆ; ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತಪ್ಪಾದ ವಿವರವನ್ನು ತಿದ್ದಿಸುವ ಹಕ್ಕನ್ನೂ ಆ ಶಾಸನ ಹೇಳುತ್ತದೆ. ಇದಲ್ಲದೆ ಭೂದಾಖಲೆಗಳನ್ನು ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲೂ ಓದಲಾಗುವಂತೆ ಲಿಪ್ಯಂತರ ಮಾಡುವ ತಂತ್ರಾಂಶವನ್ನು ಕೇಂದ್ರದ ಭೂಸಂಪನ್ಮೂಲ ಇಲಾಖೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ನೆರವಿನಿಂದ ಕೈಗೆತ್ತಿಕೊಂಡಿದೆ. ಇಂತಹ ತಂತ್ರಾಂಶಕ್ಕೆ ಮೊದಲ ಪರೀಕ್ಷೆ ನಡೆಯಬೇಕಾದುದು ಕಾಸರಗೋಡಿನಂತಹ ಜಿಲ್ಲೆಯಲ್ಲಿ.

ಏನು ಕೇಳಬೇಕು, ಏನು ಮಾಡಬೇಕು

ನಮ್ಮ ಬೇಡಿಕೆಗಳು ಹೆಚ್ಚಿಲ್ಲ. ದಾಖಲೆಗಳನ್ನು ಜೋಡಿಸುವುದು ನಂಬ್ರದಿಂದ ಆಗಲಿ, ಹೆಸರಿನ ಕಾಗುಣಿತದಿಂದ ಅಲ್ಲ. ವ್ಯಕ್ತಿಯ ಮತ್ತು ಊರಿನ ಹೆಸರಿಗೆ ಮೂಲಭಾಷೆಯ ರೂಪವೊಂದು ತಂತ್ರಾಂಶದಲ್ಲಿ ಇರಲಿ. ಮಲಯಾಳ ಮತ್ತು ಇಂಗ್ಲಿಷ್ ರೂಪಗಳು ಅದರಿಂದ ಹೊರಡಲಿ. ಹೆಸರು ತಾಳೆಯಾಗದ ಕಾರಣಕ್ಕೆ ಯಾರ ತೀರ್ವೆಯೂ ಪಿಂಚಣಿಯೂ ನಿಲ್ಲದಿರಲಿ. ಅಂತಹವನ್ನು ಬೇರೆ ಇರಿಸಿ, ಕನ್ನಡ ಓದಬಲ್ಲ ನೌಕರರೊಬ್ಬರು ನೋಡಿ ತೀರ್ಮಾನಿಸಲಿ. ಒಂದು ಕಚೇರಿಯಲ್ಲಿ ತಿದ್ದಿದುದು ಉಳಿದ ಕಚೇರಿಗಳಿಗೆ ತಾನಾಗಿ ಮುಟ್ಟಲಿ. ತಪ್ಪು ಒಂದು ಕ್ಷಣದಲ್ಲಿ ಹತ್ತು ಕಡೆ ಹರಡುತ್ತದಾದರೆ ತಿದ್ದುಪಡಿ ಮಾತ್ರ ಏಕೆ ಕಾಲ್ನಡಿಗೆಯಲ್ಲಿ ಹೋಗಬೇಕು? ಹೊಸ ಜೋಡಣೆಯೊಂದನ್ನು ಜಾರಿಗೆ ತರುವ ಮೊದಲು ಪರೀಕ್ಷೆಗೆಂದು ಆರಿಸುವ ದಾಖಲೆಗಳಲ್ಲಿ ಗಡಿನಾಡಿನ ಹೆಸರುಗಳೂ ಸೇರಿರಲಿ.

ಇವನ್ನೆಲ್ಲ ಯೋಜನೆಯ ಹಂತದಲ್ಲಿ ಸೇರಿಸಲು ಕೆಲವು ದಿನಗಳ ಕೆಲಸ ಸಾಕು. ಕಟ್ಟಿ ಮುಗಿದ ಮೇಲೆ ಸೇರಿಸಹೊರಟರೆ ವರ್ಷಗಳು ಹಿಡಿಯುತ್ತವೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ನಮ್ಮ ಸಂಘಟನೆಗಳು ಶಾಲೆ, ಹುದ್ದೆ, ನಾಮಫಲಕಗಳ ಬಗ್ಗೆ ಮನವಿ ಕೊಡುವಲ್ಲಿ ಎಂದೂ ಹಿಂದೆ ಬಿದ್ದಿಲ್ಲ. ಆ ಮನವಿಗಳ ಜತೆಗೆ ಇದನ್ನೂ ಸೇರಿಸಬೇಕು. ಪಂಚಾಯತಿನಿಂದ ವಿಧಾನಸಭೆಯ ತನಕ ನಾವು ಆರಿಸಿ ಕಳುಹಿಸಿದವರು ಈ ಪ್ರಶ್ನೆಯನ್ನು ಎತ್ತಬೇಕು.

ಮನೆಯಲ್ಲಿ ನಾವು ಮಾಡಬೇಕಾದುದೂ ಇದೆ. ಅಜ್ಜನ ಹೆಸರಿನಲ್ಲೇ ಉಳಿದಿರುವ ಜಾಗಗಳ ಕಾಗದವನ್ನು ಮಕ್ಕಳು ಮೊಮ್ಮಕ್ಕಳು ಕುಳಿತು ಸರಿಪಡಿಸಿಕೊಳ್ಳಬೇಕು. ನಮ್ಮ ಗ್ರಾಮದಲ್ಲಿ ಡಿಜಿಟಲ್ ಸರ್ವೆ ಮುಗಿದು ಕರಡು ದಾಖಲೆ ಪ್ರಕಟವಾದಾಗ, ಹೆಸರು, ವಿಸ್ತೀರ್ಣ, ಗಡಿ ಮೂರನ್ನೂ ಹೋಗಿ ನೋಡಲೇಬೇಕು. ಅಂತಿಮ ಪ್ರಕಟಣೆಯ ಮೊದಲು ಹೇಳುವ ಆಕ್ಷೇಪ ಸುಲಭ, ಆಮೇಲೆ ಕಷ್ಟ. ಮಲಯಾಳ ಓದಲು ಬಾರದ ಹಿರಿಯರಿದ್ದರೆ ಅವರ ಜತೆ ಓದಬಲ್ಲ ಹುಡುಗರು ಹೋಗಬೇಕು. ಶಾಲೆಗೆ ಮಗುವನ್ನು ಸೇರಿಸುವ ದಿನವೇ ಹೆಸರಿನ ಕನ್ನಡ, ಮಲಯಾಳ, ಇಂಗ್ಲಿಷ್ ರೂಪಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಎಲ್ಲ ಕಡೆಗೂ ಅದನ್ನೇ ಕೊಡಬೇಕು. ನಮ್ಮ ಶಾಲೆಯಲ್ಲಿ ಒಂದನೆಯ ಗಂಟೆಯಲ್ಲಿ ಹಾಜರಿ ಕೂಗುವಾಗ, ಮಕ್ಕಳು ತಮ್ಮ ತಂದೆತಾಯಿ ಇಟ್ಟ ಹೆಸರಿಗೇ ಓಗೊಡುತ್ತಾರೆ. ಅವರು ಬೆಳೆದು ಒಂದು ಜಾಗದ ಒಡೆಯರಾಗಿ ಕಚೇರಿಯ ಮುಂದೆ ನಿಂತಾಗಲೂ ಅದೇ ಹೆಸರು ಅಲ್ಲಿ ಇರಬೇಕು ಎಂಬುದಷ್ಟೇ ನಮ್ಮ ಕೋರಿಕೆ.